ಎಚ್ಚರಿಕೆಗೊಂದು ವ್ಯಾಖ್ಯೆ: ದೂರಸಂಪರ್ಕ ಜಾಲದ ಉಪಕರಣಗಳು ತಮ್ಮ ದೋಷವನ್ನು ತಿಳಿಸುವ ಬಗೆ

ಶಾಲೆಯ ಅಂಗಳದಲ್ಲಿ ತೂಗುಬಿಟ್ಟ ಗಂಟೆಯು ಬರಿಯ ಲೋಹದ ತುಂಡಾದರೂ ಅದರ ಒಂದೊಂದು ಬಗೆಯ ನಾದಕ್ಕೂ ಒಂದೊಂದು ಅರ್ಥವುಂಟು. ಎರಡೇ ಪೆಟ್ಟು ಬಿದ್ದರೆ ಅವಧಿ ಬದಲಾಯಿತೆಂದೂ, ಬಿಡದೆ ಬಹಳ ಹೊತ್ತು ಬಡಿದರೆ ಶಾಲೆ ಬಿಟ್ಟಿತೆಂದೂ ಒಂದನೆಯ ತರಗತಿಯ ಬಾಲಕನಿಗೂ ಗೊತ್ತು. ಆ ಅರ್ಥವನ್ನು ಮೊದಲೇ ನಿಶ್ಚಯಿಸಿ ಎಲ್ಲರಿಗೂ ತಿಳಿಸಿರುವುದರಿಂದಲೇ ಗಂಟೆಯು ತನ್ನ ಕೆಲಸವನ್ನು ಮಾಡುತ್ತದೆ. ಜವಾನನು ಅದನ್ನು ಮನಬಂದಂತೆ ದಿನವಿಡೀ ಬಡಿಯತೊಡಗಿದರೆ ಎರಡು ದಿನಗಳಲ್ಲಿ ಆ ಸದ್ದು ಯಾರ ಕಿವಿಗೂ ಬೀಳದಂತಾಗುತ್ತದೆ. ಮೂರನೆಯ ದಿನ ನಿಜವಾಗಿಯೂ ಬೆಂಕಿ ಬಿದ್ದು ಗಂಟೆ ಬಡಿದರೂ ಮಕ್ಕಳು ಪುಸ್ತಕದಿಂದ ತಲೆಯೆತ್ತಲಾರರು.

ದೂರವಾಣಿ, ಅಂತರಜಾಲ, ಬ್ಯಾಂಕು, ರೈಲು, ಆಸ್ಪತ್ರೆ ಇವೆಲ್ಲವನ್ನೂ ಒಂದಕ್ಕೊಂದು ಬೆಸೆದಿರುವ ದೂರಸಂಪರ್ಕ ಜಾಲದ ಉಪಕರಣಗಳಿಗೂ ಇಂತಹ ಗಂಟೆಗಳಿವೆ. ಅವುಗಳಿಗೆ ಅಲಾರಂ ಎಂದು ರೂಢಿಯ ಹೆಸರು; ಕನ್ನಡದಲ್ಲಿ ಎಚ್ಚರಿಕೆ ಎನ್ನಬಹುದು. ಯಾವುದನ್ನು ಎಚ್ಚರಿಕೆಯೆಂದು ಕರೆಯಬೇಕು, ಅದನ್ನು ಯಾವ ರೂಪದಲ್ಲಿ ಬರೆಯಬೇಕು, ಅದು ಯಾವಾಗ ಮುಗಿಯಿತೆಂದು ತಿಳಿಯಬೇಕು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಚಿಕ್ಕವಾಗಿ ಕಂಡರೂ ಅವುಗಳಿಗೆ ಉತ್ತರ ಕಂಡುಕೊಳ್ಳಲು ತಂತ್ರಜ್ಞರಿಗೆ ಹಲವು ದಶಕಗಳೇ ಬೇಕಾದವು. ಆ ಉತ್ತರಗಳ ಪರಿಚಯವನ್ನು ಮಾಡಿಕೊಡುವುದು ಈ ಲೇಖನದ ಉದ್ದೇಶ.

ದೀಪ ಮತ್ತು ಗಂಟೆಯ ಕಾಲ

ಹಿಂದಿನ ಯಾಂತ್ರಿಕ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಎಚ್ಚರಿಕೆಯು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತುವಾಗಿತ್ತು. ಒಂದು ಫ್ಯೂಸು ಸುಟ್ಟುಹೋದರೆ ಅದರ ಸ್ಪ್ರಿಂಗು ಸಡಿಲಗೊಂಡು ಇನ್ನೊಂದು ತಂತಿಯನ್ನು ಮುಟ್ಟುತ್ತಿತ್ತು. ಕೂಡಲೇ ಗಂಟೆ ಬಾರಿಸುತ್ತಿತ್ತು, ಸಾಲಿನ ತುದಿಯಲ್ಲಿ ದೀಪ ಹೊತ್ತುತ್ತಿತ್ತು. ಕೆಲಸಗಾರನು ಆ ದೀಪವನ್ನು ನೋಡಿ ಸಾಲನ್ನು ಗುರುತಿಸಿ, ಸಾಲಿನೊಳಗಿನ ಇನ್ನೊಂದು ದೀಪದಿಂದ ರ‍್ಯಾಕನ್ನು ಗುರುತಿಸಿ, ಕೊನೆಗೆ ಸುಟ್ಟ ಫ್ಯೂಸಿನ ಎದುರಿಗೆ ಬಂದು ನಿಲ್ಲುತ್ತಿದ್ದನು. ದೋಷವೇನು, ಅದು ಎಲ್ಲಿದೆ, ಎಷ್ಟು ತುರ್ತಿನದು ಎಂಬ ಮೂರು ಪ್ರಶ್ನೆಗಳಿಗೂ ದೀಪದ ಬಣ್ಣ ಮತ್ತು ಸ್ಥಾನಗಳೇ ಉತ್ತರ ಕೊಡುತ್ತಿದ್ದವು. ಗಂಟೆ ಬಾರಿಸಿದ ಸ್ಥಳದಲ್ಲಿಯೇ ಅದನ್ನು ಕೇಳುವವನೂ ಇದ್ದುದರಿಂದ ಈ ವ್ಯವಸ್ಥೆಯು ಸಾಕಾಗಿತ್ತು.

ವಿದ್ಯುನ್ಮಾನ ಯುಗ ಬಂದೊಡನೆ ಈ ನೆರೆಹೊರೆಯ ಸಂಬಂಧವು ಸಡಿಲವಾಯಿತು. ಭಾರತದಲ್ಲಿ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರದ ಮೊದಲ ಸ್ಥಾಪನೆ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿಯೇ ಆಯಿತೆಂಬುದು ಈ ನಾಡಿನವರು ನೆನಪಿಡಬೇಕಾದ ಸಂಗತಿ. 128 ಪೋರ್ಟುಗಳ ಆ ಪುಟ್ಟ ಯಂತ್ರಕ್ಕೆ ಹವಾನಿಯಂತ್ರಿತ ಕೊಠಡಿಯೂ ಬೇಕಿರಲಿಲ್ಲ. ಅಂತಹ ಕೇಂದ್ರಗಳು ಹಳ್ಳಿ ಹಳ್ಳಿಗೆ ಹಬ್ಬಿದಂತೆ ಪ್ರತಿಯೊಂದರ ಬಳಿಯಲ್ಲಿಯೂ ಒಬ್ಬ ಪರಿಣತನನ್ನು ಹಗಲಿರುಳು ಕೂರಿಸುವುದು ಅಸಾಧ್ಯವಾಯಿತು. ಯಂತ್ರ ಒಂದೂರಿನಲ್ಲಿ, ಅದನ್ನು ಬಲ್ಲವನು ಇನ್ನೊಂದೂರಿನಲ್ಲಿ ಎಂಬ ಸ್ಥಿತಿ ಜಗತ್ತಿನ ಎಲ್ಲೆಡೆಯೂ ಒದಗಿತು. ಹಾಗಾದ ಮೇಲೆ ಎಚ್ಚರಿಕೆಯು ದೀಪವಾಗಿ ಉಳಿಯುವಂತಿರಲಿಲ್ಲ. ತಂತಿಯ ಮೇಲೆ ಪಯಣಿಸಿ ದೂರದ ನಿಯಂತ್ರಣ ಕೇಂದ್ರವನ್ನು ತಲುಪುವ ಮಾತಾಗಬೇಕಾಯಿತು. ಮಾತೆಂದ ಮೇಲೆ ಅದಕ್ಕೊಂದು ಭಾಷೆ ಬೇಕು, ಭಾಷೆಗೊಂದು ವ್ಯಾಕರಣ ಬೇಕು.

ಕಾಗದವೋ, ದಾಖಲೆ ಪುಸ್ತಕವೋ

ಆರಂಭದಲ್ಲಿ ಪ್ರತಿಯೊಬ್ಬ ತಯಾರಕನೂ ತನ್ನದೇ ಆದ ಮಾತನ್ನು ಬಳಸಿದನು. ಒಬ್ಬನ ಯಂತ್ರವು ‘ವಿದ್ಯುತ್ ಇಲ್ಲ’ ಎಂದರೆ ಇನ್ನೊಬ್ಬನದು ‘ಮೂರನೆಯ ಘಟಕ ವಿಫಲ’ ಎನ್ನುತ್ತಿತ್ತು. ಮತ್ತೊಬ್ಬನದು ಒಂದು ಅಂಕಿಯನ್ನಷ್ಟೇ ಕಳುಹಿಸಿ ಸುಮ್ಮನಾಗುತ್ತಿತ್ತು. ಹತ್ತು ತಯಾರಕರ ಉಪಕರಣಗಳಿರುವ ಜಾಲದಲ್ಲಿ ಇದರಿಂದಾಗುವ ಗೊಂದಲವನ್ನು ಉಪಾಧ್ಯಾಯರು ಸುಲಭವಾಗಿ ಊಹಿಸಬಲ್ಲರು. ನೂರು ಮಂದಿ ಪೋಷಕರು ತಮ್ಮ ಮಕ್ಕಳ ವಿವರವನ್ನು ತಮಗೆ ತೋಚಿದಂತೆ ಕಾಗದದಲ್ಲಿ ಬರೆದು ಕಳುಹಿಸಿದರೆ ಹುಟ್ಟಿದ ದಿನಾಂಕವು ಒಂದರಲ್ಲಿ ಮೊದಲ ಸಾಲಿನಲ್ಲಿಯೂ ಇನ್ನೊಂದರಲ್ಲಿ ಕೊನೆಯ ಸಾಲಿನಲ್ಲಿಯೂ ಇರುತ್ತದೆ. ಮತ್ತೊಂದರಲ್ಲಿ ಇರುವುದೇ ಇಲ್ಲ. ಅದೇ ವಿವರಗಳು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಂಕಣಗಳಾಗಿ ಕುಳಿತಾಗ ಯಾವ ಗುಮಾಸ್ತನಾದರೂ ಕ್ಷಣಮಾತ್ರದಲ್ಲಿ ಹುಡುಕಬಲ್ಲನು. ಯಾವ ಅಂಕಣದಲ್ಲಿ ಏನಿರಬೇಕು, ಯಾವುದನ್ನು ಖಾಲಿ ಬಿಡಬಾರದು, ಎಲ್ಲಿ ಅಂಕಿ, ಎಲ್ಲಿ ಅಕ್ಷರ ಎಂಬುದನ್ನು ಮೊದಲೇ ಕಟ್ಟುಮಾಡಿ ಬರೆಯುವ ಪದ್ಧತಿಗೆ ಗಣಕಶಾಸ್ತ್ರದಲ್ಲಿ ರಚನಾಬದ್ಧ ದತ್ತಾಂಶವೆಂದು ಹೆಸರು.

ಈ ದಿಕ್ಕಿನಲ್ಲಿ ಎರಡು ಪ್ರಯತ್ನಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದವು. ಅಂತರಜಾಲದ ಎಂಜಿನಿಯರುಗಳು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸರಳವಾದ ನಿಯಮಾವಳಿಯನ್ನು ಪ್ರಕಟಿಸಿದರು. ಇದರಲ್ಲಿ ಉಪಕರಣವು ತಾನಾಗಿಯೇ ಕಳುಹಿಸುವ ಸಂದೇಶಕ್ಕೆ ಟ್ರ್ಯಾಪ್ ಎಂದು ಹೆಸರು. ಸಂಪರ್ಕ ಕಡಿದಿದೆ, ಸಂಪರ್ಕ ಕೂಡಿದೆ, ಯಂತ್ರ ಮತ್ತೆ ಆರಂಭವಾಗಿದೆ ಎಂಬಂತಹ ಆರು ಬಗೆಗಳನ್ನು ಸರ್ವಸಾಮಾನ್ಯವೆಂದು ಹೆಸರಿಸಿ, ಉಳಿದವನ್ನು ಆಯಾ ತಯಾರಕರಿಗೆ ಬಿಡಲಾಯಿತು. ಪದ್ಧತಿ ಸರಳವಾದುದರಿಂದ ಬಹುಬೇಗ ಹಬ್ಬಿತು. ಆದರೆ ಅದರಲ್ಲಿ ಎರಡು ಕೊರತೆಗಳಿದ್ದವು. ಟ್ರ್ಯಾಪ್ ತಲುಪಿತೆಂಬ ಮರು ಓಲೆ ಬರುತ್ತಿರಲಿಲ್ಲವಾದ್ದರಿಂದ ಅದು ದಾರಿಯಲ್ಲಿ ಕಳೆದುಹೋದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲದೆ ‘ಕಡಿದಿದೆ’ ಎಂಬ ಸಂದೇಶಕ್ಕೂ ‘ಕೂಡಿದೆ’ ಎಂಬ ಸಂದೇಶಕ್ಕೂ ಇರುವ ನಂಟನ್ನು ಓದುವವನೇ ಊಹಿಸಿಕೊಳ್ಳಬೇಕಾಗಿತ್ತು.

ಇನ್ನೊಂದು ಪ್ರಯತ್ನವು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದ್ದು. 1992ರ ಎಕ್ಸ್.733 ಎಂಬ ಶಿಫಾರಸಿನಲ್ಲಿ ಎಚ್ಚರಿಕೆಯ ಅಂಕಣಗಳನ್ನು ನಿಗದಿಗೊಳಿಸಲಾಯಿತು. ಸಂಪರ್ಕದ ದೋಷ, ಸೇವೆಯ ಗುಣಮಟ್ಟದ ದೋಷ, ಸಂಸ್ಕರಣೆಯ ದೋಷ, ಉಪಕರಣದ ದೋಷ ಮತ್ತು ಉಷ್ಣತೆ, ತೇವ ಮೊದಲಾದ ಪರಿಸರದ ದೋಷ ಎಂದು ಐದು ವರ್ಗಗಳಾದವು. ಸಂಭವನೀಯ ಕಾರಣಕ್ಕೆ ಒಂದು ಅಂಕಣವಾಯಿತು. ಗಂಭೀರತೆಗೆ ಮಟ್ಟಗಳಾದವು. ಸೇವೆಯೇ ನಿಂತು, ತತ್‌ಕ್ಷಣ ಕೈಹಾಕಬೇಕಾದುದು ಕ್ರಿಟಿಕಲ್. ಸೇವೆ ಕುಗ್ಗಿ, ತುರ್ತಾಗಿ ನೋಡಬೇಕಾದುದು ಮೇಜರ್. ಸೇವೆಗೆ ಧಕ್ಕೆಯಿಲ್ಲದಿದ್ದರೂ ಬಿಟ್ಟರೆ ಬೆಳೆಯುವಂತಹುದು ಮೈನರ್. ಇನ್ನೂ ಹಾನಿಯಾಗದೆ ಆಗುವ ಸೂಚನೆ ಮಾತ್ರ ಇರುವುದು ವಾರ್ನಿಂಗ್. ಮಟ್ಟವನ್ನು ನಿರ್ಧರಿಸಲಾಗದುದು ಅನಿರ್ಧರಿತ. ದೋಷವು ನಿವಾರಣೆಯಾದುದನ್ನು ಸೂಚಿಸುವುದು ಪರಿಹೃತ. ಹೀಗೆ ಒಟ್ಟು ಆರು. ಇಂದಿಗೂ ನಿಯಂತ್ರಣ ಕೇಂದ್ರಗಳ ಪರದೆಯ ಮೇಲೆ ಕಾಣುವ ಹೆಸರುಗಳು ಬಹುಮಟ್ಟಿಗೆ ಇವೇ.

ಎರಡು ದುರಂತಗಳ ಪಾಠ

ಅಂಕಣಗಳು ಸಿದ್ಧವಾದ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಅದಕ್ಕೆ ಕಾರಣವನ್ನು ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ.

1991ರ ಸೆಪ್ಟೆಂಬರ್ 17ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಮ್ಯಾನ್‌ಹಟನ್‌ನಲ್ಲಿದ್ದ ಎಟಿ ಅಂಡ್ ಟಿ ಸಂಸ್ಥೆಯ ದೂರವಾಣಿ ಕೇಂದ್ರವೊಂದು ನಗರದ ವಿದ್ಯುತ್ತಿನ ಹೊರೆಯನ್ನು ತಗ್ಗಿಸುವ ಸಲುವಾಗಿ ತನ್ನದೇ ಜನರೇಟರುಗಳಿಗೆ ಬದಲಾಯಿಸಿಕೊಂಡಿತು. ಆ ಹೊತ್ತಿನಲ್ಲಿ ವಿದ್ಯುತ್ತನ್ನು ಯಂತ್ರಗಳಿಗೆ ಒಗ್ಗುವಂತೆ ಪರಿವರ್ತಿಸುವ ರೆಕ್ಟಿಫೈಯರುಗಳು ಕೈಕೊಟ್ಟವು. ಯಂತ್ರಗಳು ಬ್ಯಾಟರಿಯ ಮೇಲೆ ನಡೆಯತೊಡಗಿದವು. ಬ್ಯಾಟರಿಗಳು ಸುಮಾರು ಆರು ಗಂಟೆಗಳ ಕಾಲ ತಡೆದುಕೊಂಡವು. ಅಷ್ಟು ದೀರ್ಘ ಅವಧಿಯಲ್ಲಿ ಎಚ್ಚರಿಕೆಯು ಯಾರ ಗಮನಕ್ಕೂ ಬರಲಿಲ್ಲ. ನೋಡಬೇಕಾಗಿದ್ದ ಸಿಬ್ಬಂದಿಯು ಅಂದು ತರಬೇತಿ ತರಗತಿಗೆ ಹೋಗಿದ್ದರು. ಆ ತರಗತಿಯ ವಿಷಯವೂ ಎಚ್ಚರಿಕೆಯ ವ್ಯವಸ್ಥೆಯೇ ಆಗಿತ್ತೆಂಬುದು ವಿಧಿಯ ವ್ಯಂಗ್ಯ. ಸಂಜೆಯ ವೇಳೆಗೆ ಬ್ಯಾಟರಿಗಳು ಬರಿದಾಗಿ ಕೇಂದ್ರವು ಸ್ತಬ್ಧವಾಯಿತು. ವಿಮಾನ ಸಂಚಾರದ ನಿಯಂತ್ರಕರು ಬಳಸುತ್ತಿದ್ದ ಮಾರ್ಗಗಳೂ ಅದರ ಮೂಲಕವೇ ಹಾಯ್ದಿದ್ದುದರಿಂದ ನ್ಯೂಯಾರ್ಕಿನ ಮೂರು ದೊಡ್ಡ ವಿಮಾನ ನಿಲ್ದಾಣಗಳ ಸಂಚಾರವು ಅಸ್ತವ್ಯಸ್ತಗೊಂಡಿತು. ಇಲ್ಲಿ ಎಚ್ಚರಿಕೆಯಿತ್ತು, ಅದನ್ನು ಸ್ವೀಕರಿಸುವವನಿರಲಿಲ್ಲ.

ಎರಡನೆಯ ಘಟನೆಯು ದೂರಸಂಪರ್ಕದ್ದಲ್ಲವಾದರೂ ಅದರ ಪಾಠವು ಈ ಕ್ಷೇತ್ರಕ್ಕೂ ಹಾದುಬಂದಿದೆ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್‌ಫರ್ಡ್ ಹೇವನ್ ಬಳಿಯ ತೈಲ ಶುದ್ಧೀಕರಣಾಗಾರದಲ್ಲಿ ಸಿಡಿಲುಮಳೆಯಿಂದ ಆರಂಭವಾದ ಏರುಪೇರು ಕೆಲವು ಗಂಟೆಗಳ ನಂತರ ಸ್ಫೋಟದಲ್ಲಿ ಮುಗಿದು 26 ಮಂದಿ ಗಾಯಗೊಂಡರು. ಸ್ಫೋಟಕ್ಕೆ ಹಿಂದಿನ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದು ಬಿದ್ದಿದ್ದವೆಂದು ತನಿಖೆಯು ತಿಳಿಸಿತು. ಎರಡೂವರೆ ಸೆಕೆಂಡಿಗೆ ಸುಮಾರು ಒಂದರಂತೆ ಬರುವ ಸೂಚನೆಗಳನ್ನು ಓದಿ, ಅರ್ಥೈಸಿ, ಕ್ರಮ ಕೈಗೊಳ್ಳುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಇಲ್ಲಿ ಸ್ವೀಕರಿಸುವವರಿದ್ದರು, ಎಚ್ಚರಿಕೆಗಳ ಪ್ರವಾಹದಲ್ಲಿ ಅವರು ಮುಳುಗಿಹೋದರು. ಇದಾದ ಮೇಲೆ 1999ರಲ್ಲಿ ಬ್ರಿಟನ್ನಿನ ಕೈಗಾರಿಕಾ ಬಳಕೆದಾರರ ಸಂಘವೊಂದು ಪ್ರಕಟಿಸಿದ ಈಮುವಾ 191 ಎಂಬ ಮಾರ್ಗದರ್ಶಿಯು, ಸಾಮಾನ್ಯ ಸ್ಥಿತಿಯಲ್ಲಿ ಒಬ್ಬ ನಿರ್ವಾಹಕನಿಗೆ 10 ನಿಮಿಷಕ್ಕೆ ಒಂದಕ್ಕಿಂತ ಕಡಿಮೆ ಎಚ್ಚರಿಕೆ ಬರುವಂತಿದ್ದರೆ ಒಳ್ಳೆಯದೆಂಬ ಅಳತೆಗೋಲನ್ನು ಮುಂದಿಟ್ಟಿತು.

ಈ ಎರಡು ಘಟನೆಗಳಿಂದ ಒಂದು ಸತ್ಯವು ಹೊರಬೀಳುತ್ತದೆ. ಎಚ್ಚರಿಕೆಯು ಯಂತ್ರದ ಗುಣವೆಂದು ಭಾವಿಸುವುದು ತಪ್ಪು. ಅದು ಯಂತ್ರಕ್ಕೂ ಮನುಷ್ಯನಿಗೂ ನಡುವಣ ಒಂದು ಕರಾರು. ಮನುಷ್ಯನ ಗಮನವೇ ಅಲ್ಲಿ ಅತ್ಯಂತ ದುರ್ಲಭವಾದ ಸಂಪತ್ತು. ಅದನ್ನು ಪೋಲು ಮಾಡಿದವನಿಗೆ ಆಪತ್ಕಾಲದಲ್ಲಿ ಅದು ದೊರೆಯುವುದಿಲ್ಲ.

ಕ್ರಿಯೆಯನ್ನು ಬೇಡದುದು ಎಚ್ಚರಿಕೆಯಲ್ಲ

ಈ ಅನುಭವಗಳನ್ನೆಲ್ಲ ಅರಗಿಸಿಕೊಂಡ ನಿಯಮಾವಳಿಯೊಂದು 2019ರಲ್ಲಿ ಹೊರಬಂದಿತು. ಅಂತರಜಾಲದ ನಿಯಮಗಳನ್ನು ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಪ್ರಕಟಿಸಿದ ಅದರ ಹೆಸರು ಆರ್‌ಎಫ್‌ಸಿ 8632. ಅದನ್ನು ಬರೆದಿರುವುದು ಯಾಂಗ್ ಎಂಬ ಭಾಷೆಯಲ್ಲಿ. 2010ರಲ್ಲಿ ಮೊದಲು ಪ್ರಕಟವಾದ ಈ ಭಾಷೆಯು ಲೆಕ್ಕ ಮಾಡುವ ಭಾಷೆಯಲ್ಲ. ಒಂದು ಉಪಕರಣದ ಬಗ್ಗೆ ಯಾವ ಯಾವ ವಿವರಗಳಿರಬೇಕು, ಯಾವುದರೊಳಗೆ ಯಾವುದು ಅಡಗಿರಬೇಕು, ಯಾವ ಅಂಕಣಕ್ಕೆ ಯಾವ ಬೆಲೆ ಸಲ್ಲುತ್ತದೆ ಎಂಬುದನ್ನು ವಂಶವೃಕ್ಷದಂತೆ ಕವಲು ಕವಲಾಗಿ ವಿವರಿಸುವ ಭಾಷೆ.

ಆ ನಿಯಮಾವಳಿಯ ಮೂಲಸೂತ್ರವು ಅದರ ವ್ಯಾಖ್ಯೆಯಲ್ಲಿಯೇ ಇದೆ. ಎಚ್ಚರಿಕೆಯೆಂಬುದು ಯಾವುದಾದರೊಂದು ಘಟಕದಲ್ಲಿ ತಲೆದೋರಿರುವ, ಸರಿಪಡಿಸುವ ಕ್ರಮವನ್ನು ಬೇಡುವ, ಅನಪೇಕ್ಷಿತವಾದ ಸ್ಥಿತಿ. ಈ ಸಣ್ಣ ವಾಕ್ಯದಲ್ಲಿ ಎರಡು ದೊಡ್ಡ ನಿರ್ಣಯಗಳಿವೆ. ಮೊದಲನೆಯದಾಗಿ, ಎಚ್ಚರಿಕೆಯು ಒಂದು ಸ್ಥಿತಿಯೇ ಹೊರತು ಸಂದೇಶವಲ್ಲ. ಜ್ವರವು ರೋಗಿಯ ಮೈಯಲ್ಲಿರುತ್ತದೆ. ಜ್ವರ ಬಂದಿದೆಯೆಂದು ಬರೆದ ಕಾಗದವು ದಾರಿಯಲ್ಲಿ ಕಳೆದುಹೋದರೆ ಜ್ವರವೇನೂ ಇಳಿಯುವುದಿಲ್ಲ. ಆದ್ದರಿಂದ ಉಪಕರಣವು ತನ್ನಲ್ಲಿರುವ ಎಚ್ಚರಿಕೆಗಳ ಪಟ್ಟಿಯನ್ನು ತನ್ನ ಬಳಿಯೇ ಇಟ್ಟುಕೊಂಡಿರಬೇಕು. ಸಂದೇಶವು ತಪ್ಪಿದರೂ ನಿಯಂತ್ರಣ ಕೇಂದ್ರವು ಆ ಪಟ್ಟಿಯನ್ನು ತರಿಸಿ ಓದಿಕೊಳ್ಳಬಹುದು. ಎರಡನೆಯದಾಗಿ, ಯಾರಿಂದಲೂ ಯಾವ ಕ್ರಮವನ್ನೂ ಬೇಡದ ಸಂಗತಿಗೆ ಎಚ್ಚರಿಕೆಯೆಂಬ ಹೆಸರಿಗೆ ಅರ್ಹತೆಯಿಲ್ಲ. ಅಂತಹುದನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡರೆ ಸಾಕು; ನಿದ್ರಿಸುವವನನ್ನು ಎಬ್ಬಿಸಬೇಕಾಗಿಲ್ಲ.

ಒಂದು ಎಚ್ಚರಿಕೆಯ ಜೀವನಚರಿತ್ರೆ

ಪ್ರತಿಯೊಂದು ಎಚ್ಚರಿಕೆಯನ್ನೂ ಮೂರು ಅಂಶಗಳಿಂದ ಗುರುತಿಸಲಾಗುತ್ತದೆ: ದೋಷವಿರುವ ಘಟಕ, ದೋಷದ ಬಗೆ, ಅಗತ್ಯವಿದ್ದಲ್ಲಿ ಆ ಬಗೆಗೊಂದು ವಿಶೇಷಣ. ಉದಾಹರಣೆಗಾಗಿ, ಒಂದು ತಾಲ್ಲೂಕು ಕೇಂದ್ರದ ಎಚ್ಚರಿಕೆಯೊಂದನ್ನು ಹೀಗೆ ಕಲ್ಪಿಸಿಕೊಳ್ಳಬಹುದು.

ಘಟಕ: ಎರಡನೆಯ ರ‍್ಯಾಕ್, ಮೂರನೆಯ ರೆಕ್ಟಿಫೈಯರ್
ಬಗೆ: ವಿದ್ಯುತ್ ಪೂರೈಕೆಯ ವೈಫಲ್ಯ
ಗಂಭೀರತೆ: ಮೇಜರ್
ಪರಿಹಾರವಾಗಿದೆಯೇ: ಇಲ್ಲ
ಮೊದಲು ತೋರಿದ್ದು: ಬೆಳಗ್ಗೆ 10-05
ಸ್ಥಿತ್ಯಂತರಗಳು: 10-05ಕ್ಕೆ ಮೈನರ್, 1-20ಕ್ಕೆ ಮೇಜರ್
ನಿರ್ವಾಹಕನ ಟಿಪ್ಪಣಿ: 10-12ಕ್ಕೆ ಗಮನಿಸಲಾಗಿದೆ
ವಿವರಣೆ: ರೆಕ್ಟಿಫೈಯರ್ ಹೊರಹರಿವು ಇಲ್ಲ, ಘಟಕವನ್ನು ಬದಲಾಯಿಸಬೇಕು

ಈ ದಾಖಲೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಧ್ಯಾಹ್ನ ದೋಷವು ಉಲ್ಬಣಿಸಿದಾಗ ಹೊಸದೊಂದು ಎಚ್ಚರಿಕೆ ಹುಟ್ಟಲಿಲ್ಲ. ಹಳೆಯ ಎಚ್ಚರಿಕೆಯ ಗಂಭೀರತೆಯೇ ಬದಲಾಯಿತು. ದೋಷದ ಹೆಸರಿನೊಳಗೆ ಅದರ ಮಟ್ಟವನ್ನು ಸೇರಿಸಿಬಿಟ್ಟರೆ ಒಂದೇ ರೋಗಕ್ಕೆ ಮೂರು ಹೆಸರುಗಳಾಗಿ, ಪರದೆಯ ಮೇಲೆ ಮೂವರು ರೋಗಿಗಳಿರುವಂತೆ ತೋರುತ್ತದೆ. ಗುರುತು ಸ್ಥಿರ, ಸ್ಥಿತಿ ಚರ ಎಂಬ ಈ ವಿವೇಕದಿಂದಲೇ ಪಟ್ಟಿಯು ಅನವಶ್ಯಕವಾಗಿ ಬೆಳೆಯುವುದು ತಪ್ಪುತ್ತದೆ.

ಇನ್ನೊಂದು ವಿವೇಕವು ಯಂತ್ರದ ಮಾತಿಗೂ ಮನುಷ್ಯನ ಮಾತಿಗೂ ಬೇರೆ ಬೇರೆ ಅಂಕಣಗಳನ್ನು ಇಟ್ಟಿರುವುದು. ದೋಷವು ನಿವಾರಣೆಯಾಯಿತೆಂದು ಹೇಳುವ ಅಧಿಕಾರವು ಉಪಕರಣಕ್ಕೆ ಮಾತ್ರ ಇದೆ. ತಾನು ನೋಡಿದೆನೆಂದೂ, ತನ್ನ ಕೆಲಸ ಮುಗಿಯಿತೆಂದೂ ನಿರ್ವಾಹಕನು ಬರೆಯಬಹುದು. ಅವನು ಹಾಗೆ ಬರೆದುದರಿಂದ ಎಚ್ಚರಿಕೆಯು ಪರಿಹೃತವಾಗುವುದಿಲ್ಲ. ಕಡತವನ್ನು ಮುಚ್ಚಿದೊಡನೆ ಕೆಲಸವಾಯಿತೆಂದು ತೃಪ್ತಿಪಡುವ ಕಚೇರಿಯ ಅಭ್ಯಾಸಕ್ಕೆ ಇಲ್ಲಿ ಎಡೆಯಿಲ್ಲ. ಹಾಗೆಯೇ ದೋಷವು ತಾನಾಗಿ ಮಾಯವಾದರೂ ನಿರ್ವಾಹಕನ ಟಿಪ್ಪಣಿಯು ಅಳಿಯುವುದಿಲ್ಲ. ಏನಾಯಿತು ಎಂಬುದೂ, ಯಾರು ಏನು ಮಾಡಿದರು ಎಂಬುದೂ ಪ್ರತ್ಯೇಕವಾಗಿ ಉಳಿಯುತ್ತವೆ.

ರಸ್ತೆಯ ಅಗೆತದಲ್ಲಿ ಒಂದು ಆಪ್ಟಿಕಲ್ ಫೈಬರ್ ಕೇಬಲ್ ತುಂಡಾದರೆ ಅದನ್ನು ಆಶ್ರಯಿಸಿದ ಉಪಕರಣಗಳೆಲ್ಲ ಒಟ್ಟಿಗೆ ಕೂಗಿಕೊಳ್ಳುತ್ತವೆ. ಪೆಟ್ಟಾಗಿರುವುದು ಒಂದು ಕಡೆ, ಅಳುವವರು ನೂರು ಮಂದಿ. ಇದಕ್ಕಾಗಿಯೇ ದಾಖಲೆಯಲ್ಲಿ ಸಂಬಂಧಿಸಿದ ಎಚ್ಚರಿಕೆಗಳು, ತೊಂದರೆಗೊಳಗಾದ ಘಟಕಗಳು, ಮೂಲಕಾರಣವಿರಬಹುದಾದ ಘಟಕ ಎಂಬ ಅಂಕಣಗಳಿಗೂ ಅವಕಾಶ ಮಾಡಲಾಗಿದೆ. ಅವು ಸರಿಯಾಗಿ ತುಂಬಿದ್ದರೆ ನಿಯಂತ್ರಣ ಕೇಂದ್ರದಲ್ಲಿ ಕುಳಿತವನು ನೂರು ಕೂಗುಗಳ ನಡುವೆ ಅಲೆಯದೆ ತುಂಡಾದ ಕೇಬಲ್ಲಿನ ಕಡೆಗೇ ಜನರನ್ನು ಕಳುಹಿಸಬಲ್ಲನು. ದುರಸ್ತಿಯ ಕೆಲಸ ನಡೆಯುತ್ತಿರುವಾಗ ಗೊತ್ತಿದ್ದೇ ಬರುವ ಎಚ್ಚರಿಕೆಗಳನ್ನು ಬೇರೊಂದು ಪಟ್ಟಿಯಲ್ಲಿ ತಾತ್ಕಾಲಿಕವಾಗಿ ಎತ್ತಿಡುವ ಸೌಕರ್ಯವೂ ಇದೆ. ಇದಕ್ಕೆ ಶೆಲ್ಫ್, ಅಂದರೆ ಕಪಾಟಿನ ಹಲಗೆಯೆಂದೇ ಹೆಸರು. ಹಾಗೆ ಎತ್ತಿಟ್ಟವು ಅಳಿದುಹೋಗುವುದಿಲ್ಲ. ಬೇಕೆಂದಾಗ ಹೊರತೆಗೆದು ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಎಚ್ಚರಿಕೆಗಳ ಸೂಚಿ. ಒಂದು ಉಪಕರಣವು ತನ್ನ ಆಯುಷ್ಯದಲ್ಲಿ ಯಾವ ಯಾವ ಎಚ್ಚರಿಕೆಗಳನ್ನು ಕೊಡಬಹುದು, ಪ್ರತಿಯೊಂದರ ಅರ್ಥವೇನು, ಅದಕ್ಕೆ ಯಾವ ಮಟ್ಟಗಳಿರಬಹುದು, ದೋಷ ಹೋದಾಗ ಅದನ್ನೂ ತಿಳಿಸುತ್ತದೆಯೇ ಎಂಬುದನ್ನು ಉಪಕರಣವು ಮೊದಲೇ ಒಪ್ಪಿಸಬೇಕು. ಆಪತ್ತು ಬಂದ ಮೇಲೆ ಅರ್ಥವನ್ನು ಹುಡುಕುವ ಬದಲು ಶಾಂತಿಯ ಕಾಲದಲ್ಲಿಯೇ ಅದನ್ನು ಕಲಿಯಲು ಇದರಿಂದ ಸಾಧ್ಯವಾಗುತ್ತದೆ.

ಭಾಷೆಯ ಹೊಣೆ

ಇಷ್ಟೆಲ್ಲ ಅಂಕಣಗಳಿದ್ದರೂ ಅವುಗಳನ್ನು ತುಂಬುವವನು ಮನುಷ್ಯನೇ. ‘ಸಾಮಾನ್ಯ ದೋಷ’ ಎಂದು ಬರೆದು ಕೈತೊಳೆದುಕೊಳ್ಳುವುದಕ್ಕೂ ‘ಹೊರಹರಿವು ಇಲ್ಲ, ಘಟಕವನ್ನು ಬದಲಾಯಿಸಬೇಕು’ ಎಂದು ಬರೆಯುವುದಕ್ಕೂ ಯಂತ್ರದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಎರಡೂ ಅಕ್ಷರಗಳ ಸಾಲುಗಳೇ. ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಅದನ್ನು ಓದುವವನಿಗೆ ಮಾತ್ರ ಆ ವ್ಯತ್ಯಾಸವೇ ಸರ್ವಸ್ವ. ಆ ತಂತಿಯ ಇನ್ನೊಂದು ತುದಿಯಲ್ಲಿ ಆಸ್ಪತ್ರೆಗೆ ಕರೆ ಮಾಡಲು ಯತ್ನಿಸುತ್ತಿರುವ ಒಂದು ಮನೆಯಿರಬಹುದು. ಎಚ್ಚರಿಕೆಯನ್ನು ವ್ಯಾಖ್ಯಾನಿಸುವ ಎಂಜಿನಿಯರನು ಆ ಮನೆಯನ್ನು ಎಂದೂ ಕಾಣಲಾರನು. ಆದರೆ ಅವನು ವರ್ಷಗಳ ಹಿಂದೆ ಬರೆದಿಟ್ಟ ಒಂದು ವಾಕ್ಯದ ಸ್ಪಷ್ಟತೆಯ ಮೇಲೆ ಆ ಮನೆಯವರ ಕಾಯುವಿಕೆಯು ಹತ್ತು ನಿಮಿಷವೋ ಎರಡು ಗಂಟೆಯೋ ಎಂಬುದು ನಿಂತಿರುತ್ತದೆ.

ವಿಜ್ಞಾನ ಓದುವ ಬಾಲಕನಿಗೆ ಭಾಷೆಯ ಪಾಠವೇಕೆಂಬ ಪ್ರಶ್ನೆಯು ಶಾಲೆಗಳಲ್ಲಿ ಆಗಾಗ ಕೇಳಿಬರುವುದುಂಟು. ಒಂದು ಸ್ಥಿತಿಯನ್ನು ಕಂಡು, ಅದು ಏನು, ಎಲ್ಲಿ, ಎಷ್ಟು ತುರ್ತು, ಏನು ಮಾಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೆಚ್ಚುಕಡಿಮೆಯಿಲ್ಲದೆ ಬರೆಯಬಲ್ಲವನನ್ನು ಈ ಉದ್ಯೋಗವು ಹುಡುಕುತ್ತಿದೆಯೆಂಬುದೇ ಅದಕ್ಕೆ ಸಾಕಷ್ಟು ಉತ್ತರ. ಗಂಟೆಯನ್ನು ಎರಕ ಹೊಯ್ಯುವುದು ಕಂಚುಗಾರನ ಕೆಲಸ. ಯಾವಾಗ ಬಡಿಯಬೇಕು, ಎಷ್ಟು ಪೆಟ್ಟು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಿಶ್ಚಯಿಸುವುದು ಶಾಲೆಯನ್ನು ನಡೆಸುವವರ ಕೆಲಸ. ದೂರಸಂಪರ್ಕ ಜಾಲದಲ್ಲಿಯೂ ಈ ಎರಡನೆಯ ಕೆಲಸವೇ ಹೆಚ್ಚು ಕಾಲ ಹಿಡಿಯಿತು. ಅದು ಇಂದಿಗೂ ಮುಂದುವರಿದಿದೆ.